ತುಂಗಕ್ಕ ಆರಿಸಿದ ನಾಲ್ಕನೇ ಕಿಟ್

ನಮ್ಮ ಊರಿನಲ್ಲಿ ಬಿಯರ್ ಮಾಡಿದವರ ಬಾಯಿಗೆ ಅವರ ಬಿಯರ್ ನೀರು. ಎಷ್ಟೇ ಕಹಿ ಮಾಡಲಿ, ಎಷ್ಟೇ ಸಿಹಿ ಮಾಡಲಿ, ಬಾವಿಯಿಂದ ಈಗಷ್ಟೇ ಸೇದಿದ ನೀರು ಕುಡಿದ ಹಾಗೆ ಇರುತ್ತದೆ. ಮೂಗಿಗೆ ವಾಸನೆಯೂ ಬರುವುದಿಲ್ಲ. ಅದೇ ಒಲೆಯ ಅನ್ನ ಉಣ್ಣುವ ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲರಿಗೂ ಅಷ್ಟೇ. ಗೋಡೆಯಾಚೆಯ ಮನೆಯವರಿಗೆ ಮಾತ್ರ ಅದು ಬಿಯರ್. ಹಾಗಾಗಿ ನಮ್ಮಲ್ಲಿ ಪ್ರತಿ ಮನೆಗೂ ಒಂದು ಬಾಯಿಮನೆ ಇರುತ್ತದೆ. ಅವರು ಮಾಡಿದ್ದನ್ನು ನಾವು ಕುಡಿಯುತ್ತೇವೆ, ನಾವು ಮಾಡಿದ್ದನ್ನು ಅವರು ಕುಡಿಯುತ್ತಾರೆ, ಹೇಗಿದೆ ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ಮದುವೆಯಾಗಿ ಹೊಸದಾಗಿ ಸಂಸಾರ ಹೂಡಿದವರಿಗೆ ಬಾಯಿಮನೆ ಗೊತ್ತುಮಾಡಿಕೊಡುವುದು ಊರ ಯಜಮಾನರ ಕೆಲಸ. ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಬಾಯಿಮನೆಯವರು ಮಾತು ಬಿಟ್ಟದ್ದನ್ನು ಕಂಡಿಲ್ಲ. ಮಾತು ಬಿಟ್ಟರೆ ಬಿಯರ್ ಹೇಗಿದೆ ಎಂದು ಹೇಳುವವರು ಯಾರು?

ನಮ್ಮ ಬಾಯಿಮನೆ ತುಂಗಕ್ಕನದು. ಅವರು ಹೊಲಿಗೆಯವರು, ಒಂಟಿ ಹೆಂಗಸು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಾಗ ಮಾತಾಡಬಾರದು ಎಂದು ಸನ್ನೆ ಮಾಡಿ ಸುಮ್ಮನಾಗುತ್ತಿದ್ದರು. ನಾನು ಹಾಲೇಶನನ್ನು ಕಟ್ಟಿಕೊಂಡು ಈ ಬೀದಿಗೆ ಬಂದಾಗ ನನಗೆ ಇಪ್ಪತ್ತೆರಡು, ಅವರಿಗೆ ನಲವತ್ತು ದಾಟಿತ್ತು. ನಾನು ಮೊದಲ ಸಲ ಮಾಡಿದ ಬಿಯರನ್ನು ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದನ್ನ ಎಮ್ಮೆಗೆ ಕುಡಿಸಿದ್ರೆ ಎಮ್ಮೆ ಹಗ್ಗ ಕಿತ್ಕೊಂಡು ಹೋಗುತ್ತೆ ಕಣೆ ವೇಣಿ" ಅಂದರು. ನಾನು ಮನೆಗೆ ಬಂದು ಅತ್ತೆ. ಮರುದಿನ ಬೆಳಿಗ್ಗೆ ಅವರೇ ನಮ್ಮ ಅಡುಗೆಮನೆಗೆ ಬಂದು, ಕುದಿಸಿದ ರಸವನ್ನು ಬೇಗ ಆರಿಸುವುದು ಹೇಗೆ, ಬಕೆಟ್ಟನ್ನು ಮೂರು ಸಲ ಬಿಸಿನೀರಿನಲ್ಲಿ ಯಾಕೆ ತೊಳೆಯಬೇಕು ಎಂದೆಲ್ಲ ನನ್ನ ಜೊತೆ ನಿಂತು ತೋರಿಸಿಕೊಟ್ಟರು. ಅವರು ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವ ಬಿಯರ್ ಮಾಡಲು ನನಗೆ ಎರಡು ವರ್ಷ ಹಿಡಿಯಿತು. ಅವತ್ತಿನಿಂದ ನನಗೆ ನನ್ನ ಕೈಯ ಮೇಲೆ ನಂಬಿಕೆ ಬಂತು. ಅದು ಅವರ ನಾಲಿಗೆಯ ಮೇಲಿನ ನಂಬಿಕೆ ಎಂದು ಹೇಳಿದರೆ ಇನ್ನೂ ಸರಿ.

ಆ ನಂಬಿಕೆಯಿಂದಲೇ ನಾನು ಬಿಯರ್ ಕಿಟ್ ಮಾರುವ ಅಂಗಡಿ ಇಟ್ಟೆ. ಕಿಟ್ ಎಂದರೆ ದೊಡ್ಡದೇನಲ್ಲ, ತೋಳಲ್ಲಿ ಅಪ್ಪಿ ಹಿಡಿಯುವಷ್ಟು ರಟ್ಟಿನ ಪೆಟ್ಟಿಗೆ. ಒಳಗೆ ಜೋನಿಬೆಲ್ಲದಂಥ ಮಾಲ್ಟ್ ಪಾಕದ ಡಬ್ಬ, ಕಹಿಗೂ ಘಮಕ್ಕೂ ಹಾಪ್ಸ್ ಎಂಬ ಹೂವಿನ ಒಣ ಪುಡಿಯ ಗುಳಿಗೆಗಳು, ಹುಳಿ ಬರಿಸಲು ಯೀಸ್ಟ್ ಪೊಟ್ಟಣ, ಮಾಡುವ ಕ್ರಮ ಬರೆದ ಕಾಗದ. ಪಾಕವನ್ನು ನೀರಿಗೆ ಬೆರೆಸಿ ಒಂದು ಗಂಟೆ ಕುದಿಸಬೇಕು, ಹೇಳಿದ ಹೊತ್ತಿಗೆ ಹಾಪ್ಸ್ ಹಾಕಬೇಕು, ಆರಿಸಿ ಬಕೆಟ್ಟಿಗೆ ಸುರಿದು ಯೀಸ್ಟ್ ಉದುರಿಸಿ ಮುಚ್ಚಿಡಬೇಕು. ಎರಡು ವಾರ ಬಕೆಟ್ಟಿನಲ್ಲಿ, ಇನ್ನೆರಡು ವಾರ ಬಾಟಲಿಯಲ್ಲಿ. ಅಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಒಳ್ಳೆಯ ಕಿಟ್ ಯಾವುದು ಎಂದು. ನಾನು ಯೀಸ್ಟ್ ಪೊಟ್ಟಣದ ಮೇಲಿನ ತಾರೀಖು ನೋಡಿ ಎನ್ನುತ್ತಿದ್ದೆ. ಹಾಪ್ಸ್ ಹಸಿರಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಮೊದಲ ಸಲ ಮಾಡುವವರಿಗೆ ಕಾಗದ ಚಿಕ್ಕದಿರುವ ಕಿಟ್ಟೇ ಒಳ್ಳೆಯದು, ಕೆಲಸ ಕಡಿಮೆ, ಕೆಡುವುದೂ ಕಡಿಮೆ. ನನ್ನ ಮಾತನ್ನು ಊರು ಕೇಳುತ್ತಿತ್ತು.

ಊರು ಕೇಳಲೇಬೇಕಿತ್ತು ಕೂಡ. ಕಿಟ್ ಹೊತ್ತ ಲಾರಿ ನಮ್ಮ ಊರಿಗೆ ವರ್ಷಕ್ಕೊಂದೇ ಸಲ ಬರುತ್ತದೆ, ಬೇಸಿಗೆಯಲ್ಲಿ ಹೊಳೆ ಬತ್ತಿ ದಾರಿ ಕಂಡಾಗ. ಒಂದೇ ಬಗೆಯ ಮುನ್ನೂರು ಕಿಟ್ ತರುತ್ತದೆ, ಎರಡು ಬಗೆ ಬೇಕೆಂದರೆ ಕಂಪನಿಯವರು ಒಪ್ಪುವುದಿಲ್ಲ. ಆರು ತಿಂಗಳು ಮುಂಚೆ, ಹೊಳೆಯಲ್ಲಿ ಇನ್ನೂ ನೀರಿರುವಾಗ, ಹರಿಗೋಲಿನಲ್ಲಿ ಏಳೆಂಟು ಮಾದರಿ ಕಿಟ್‌ಗಳು ಬರುತ್ತವೆ. ಅವನ್ನೆಲ್ಲ ಮಾಡಿ ನೋಡಿ ಯಾವುದು ಬೇಕೆಂದು ಹೇಳಿ ಕಳಿಸಬೇಕು. ಹಿಂದೆ ಹಿರಿಯರು ಹತ್ತು ಜನ ಕೂತು ಕುಡಿದು ಆರಿಸುತ್ತಿದ್ದರಂತೆ. ಪ್ರತಿ ವರ್ಷ ಹೊಡೆದಾಟವಾಗಿ, ಕೊನೆಗೆ ಒಂದು ಕೈ ಮಾಡಲಿ, ಒಂದು ಬಾಯಿ ಹೇಳಲಿ, ಉಳಿದವರು ತೆಪ್ಪಗಿರಲಿ ಎಂದು ಕಟ್ಟು ಮಾಡಿದರು. ಒಂಬತ್ತು ವರ್ಷ ಆ ಕೈ ನನ್ನದು, ಬಾಯಿ ತುಂಗಕ್ಕನದು.

ಒಂಬತ್ತನೇ ವರ್ಷ ಆಷಾಢದಲ್ಲಿ ತುಂಗಕ್ಕನಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದರು. ಹಾಲೇಶ ಗಂಜಿ ಕೊಟ್ಟು ಬರುತ್ತಿದ್ದ, ನಾನು ಮೈ ಒರೆಸುತ್ತಿದ್ದೆ. ಜ್ವರ ಬಿಟ್ಟಮೇಲೆ ಮೈ ಸ್ವಲ್ಪ ಇಳಿದಿತ್ತು, ಅಷ್ಟು ಬಿಟ್ಟರೆ ಹಳೆಯ ತುಂಗಕ್ಕನೇ. ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು. ಮಧ್ಯಾಹ್ನ ನಾನು ಮೂರ್ನಾಲ್ಕು ಬಾಟಲಿ ತೆಗೆದುಕೊಂಡು ಹೋದರೆ ಒಂದನ್ನು ಬಿಚ್ಚಿ ಒಂದು ಲೋಟ ಕುಡಿದು, ಈ ಸಲ ಕಹಿ ಹದವಾಗಿದೆ, ಈ ಸಲ ಸ್ವಲ್ಪ ನೀರಾಯಿತು ಎಂದೆಲ್ಲ ಹೇಳುತ್ತಿದ್ದರು. ಉಳಿದ ಬಾಟಲಿಗಳನ್ನು ಆಮೇಲೆ ಕುಡಿಯುತ್ತೇನೆ, ಇಟ್ಟು ಹೋಗು ಎನ್ನುತ್ತಿದ್ದರು. ಒಂದು ದಿನ ಅವರ ಮನೆಯಲ್ಲಿ ಉಪ್ಪಿಟ್ಟು ತಿಂದೆ, ಬಾಯಿಗಿಡಲಾಗದಷ್ಟು ಉಪ್ಪು. ಮರೆತು ಎರಡು ಸಲ ಹಾಕಿದ್ದಾರೆ ಎಂದುಕೊಂಡು ನೀರು ಕುಡಿದು ನುಂಗಿದೆ. ಹಿರಿಯರ ಕೈತಪ್ಪನ್ನು ಎತ್ತಿ ಆಡುವುದು ನನಗೆ ಸರಿಯೆನಿಸಲಿಲ್ಲ.

ಕಾರ್ತಿಕದಲ್ಲಿ ಏಳು ಮಾದರಿ ಕಿಟ್ ಬಂದವು. ಒಂದರ ಪಾಕ ಬರೀ ಸಕ್ಕರೆನೀರು. ಎರಡನೆಯದರ ಹಾಪ್ಸ್ ಕಾಗದದ ಪೊಟ್ಟಣದಲ್ಲೇ ಕಂದಿಹೋಗಿತ್ತು. ಮೂರನೆಯದರ ಯೀಸ್ಟಿಗೆ ತಾರೀಖು ಮುಗಿದಿತ್ತು. ಐದನೆಯದಕ್ಕೆ ಕಾಳು ಬೀಸಿ ನೆನೆಸಿ ಸೋಸಬೇಕು, ಬಾಣಂತಿ ಇರುವ ಮನೆಯಲ್ಲಿ ಅದೆಲ್ಲ ಯಾರಿಂದಾದೀತು? ಏಳನೆಯದರಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಏನೇನೋ ಇದ್ದವು. ಆರನೆಯದು ಸಾದಾ ಕಿಟ್, ಅರ್ಧ ಪುಟದ ಕಾಗದ, ನೋಡಲು ಏನೂ ಇಲ್ಲ. ನಾಲ್ಕನೆಯದನ್ನು ಬಿಚ್ಚಿದಾಗ ಮಾತ್ರ ನಾನು ಕೈತೊಳೆದು ಬಂದು ಕೂತೆ. ನಾಲ್ಕು ಪುಟದ ಪುಸ್ತಿಕೆ, ಒಂದೊಂದು ಹಂತಕ್ಕೂ ಚಿತ್ರ. ಹಾಪ್ಸ್ ಮೂರು ಬೆಳ್ಳಿ ಪೊಟ್ಟಣಗಳಲ್ಲಿ, ಕುದಿಯ ಮೊದಲಿಗೊಂದು, ನಡುವಿಗೊಂದು, ಇಳಿಸುವಾಗ ಒಂದು. ಹತ್ತೊಂಬತ್ತು ವರ್ಷ ಬಿಯರ್ ಮಾಡಿದವಳಿಗೆ, ಮಾಡಿದ್ದು ಏನೆಂದು ಒಂದು ದಿನವೂ ಬಾಯಲ್ಲಿ ಕಾಣದವಳಿಗೆ, ಮಾಡುವ ಕೆಲಸದ ಸುಖ ಒಂದೇ ಉಳಿದಿರುವುದು. ಆ ಕಿಟ್ ಅದನ್ನು ಮೊಗೆಮೊಗೆದು ಕೊಟ್ಟಿತು.

ಏಳೂ ಆಯಿತು. ಪುಷ್ಯದ ಒಂದು ಮಧ್ಯಾಹ್ನ ಏಳು ಬಾಟಲಿ ತುಂಗಕ್ಕನ ಮುಂದೆ ಇಟ್ಟೆ, ನಂಬರು ಬರೆದ ಚೀಟಿ ಅಂಟಿಸಿ. ಅವರು ಒಂದೊಂದನ್ನೂ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು, ಕುಡಿದು, ನಡುನಡುವೆ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಯಾವತ್ತಿನ ಹಾಗೆ ಹೊತ್ತು ತೆಗೆದುಕೊಂಡರು. ಪ್ರತಿಯೊಂದರ ಬಗ್ಗೆಯೂ ನನ್ನನ್ನು ಕೇಳಿದರು, ಇದನ್ನು ಹೇಗೆ ಮಾಡಿದೆ, ಇದು ಎಷ್ಟು ದಿನ ಹಿಡಿಯಿತು ಎಂದು. ಹಿಂದಿನ ವರ್ಷಗಳಲ್ಲಿ ಅವರು ಹಾಗೆ ಕೇಳುತ್ತಿರಲಿಲ್ಲ. ಅದು ನನಗೆ ಆಮೇಲೆ ಹೊಳೆಯಿತು. ಕೊನೆಗೆ ನಾಲ್ಕನೇ ಬಾಟಲಿಯನ್ನು ಮುಂದಕ್ಕೆ ತಳ್ಳಿ, ಇದೇ, ಅನುಮಾನವೇ ಇಲ್ಲ ಅಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಹರಿಗೋಲಿನವನು ಹೊರಡಲು ಇನ್ನೂ ಎರಡು ದಿನವಿದ್ದರೂ ಅವತ್ತೇ ಹೊಳೆದಂಡೆಗೆ ಓಡಿಹೋಗಿ ಚೀಟಿ ಕೊಟ್ಟು ಬಂದೆ.

ಚೈತ್ರದಲ್ಲಿ ಲಾರಿ ಬಂತು. ಮುನ್ನೂರು ಕಿಟ್, ಎಲ್ಲ ನಾಲ್ಕನೇ ನಂಬರಿನವು. ನಾಲ್ಕು ಪುಟದ ಪುಸ್ತಿಕೆ ನೋಡಿ ಜನ ಖುಷಿಪಟ್ಟರು. ಗೋಡೆಗೆ ಅಂಟಿಸಿಕೊಂಡವರೂ ಇದ್ದರು. ಬಿಸಿಲು ಏರುವ ಮುಂಚೆ ಮುಗಿಸೋಣ ಎಂದು ಬೀದಿ ಬೀದಿಯಲ್ಲಿ ಹಂಡೆ ಕುದಿಯತೊಡಗಿತು.

ವೈಶಾಖದ ಹುಣ್ಣಿಮೆ ಕಳೆದ ಮೇಲೆ ಮೊದಲು ಬಂದವಳು ಹಿಟ್ಟಿನ ಗಿರಣಿಯ ಸಾಕಮ್ಮ. ಅವಳ ಬಾಯಿಮನೆಯವರು ಒಂದು ಗುಟುಕು ಕುಡಿದು ಹಿತ್ತಲಿಗೆ ಎದ್ದುಹೋದರಂತೆ. ಕೊಳೆತ ಮೊಟ್ಟೆಯ ನಾತ ಎಂದರಂತೆ. ಬಕೆಟ್ ಸರಿಯಾಗಿ ತೊಳೆದಿರಲಿಕ್ಕಿಲ್ಲ ಅಂದೆ. ಅವಳು ಮೂರು ಸಲ ತೊಳೆದಿದ್ದಳು. ಅದೇ ವಾರ ಇನ್ನೂ ಹನ್ನೊಂದು ಮನೆಯವರು ಬಂದರು. ಯಾರೂ ಕೂಗಾಡಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು, ತಮ್ಮದೇ ಏನೋ ತಪ್ಪಿರಬೇಕು ಎನ್ನುವ ಹಾಗೆ, ಏನು ಮಾಡಿದೆವು ಹೇಗೆ ಮಾಡಿದೆವು ಎಂದು ಒಪ್ಪಿಸಿದರು. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಹನ್ನೆರಡು ಮನೆಯವರೂ ಪುಸ್ತಿಕೆಯಲ್ಲಿ ಇದ್ದ ಹಾಗೆಯೇ ಮಾಡಿದ್ದರು.

ನಾನು ಸಾಕಮ್ಮನ ಮನೆಗೆ ಹೋಗಿ ಒಂದು ಲೋಟ ಹಾಕಿಸಿಕೊಂಡೆ. ಅವಳು ಮಾಡಿದ್ದು ನನ್ನ ಬಾಯಿಗೆ ಬಿಯರ್ ತಾನೆ. ಲೋಟ ಮೂಗಿನ ಹತ್ತಿರ ತರುವ ಮೊದಲೇ ಗೊತ್ತಾಯಿತು. ಆದರೂ ಕುಡಿದೆ. ಪುಸ್ತಿಕೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು, ಈ ಯೀಸ್ಟಿಗೆ ತಂಪು ಬೇಕು, ಮಾಗಿಯ ಚಳಿಯಷ್ಟು ತಂಪು ಎಂದು. ಚಿತ್ರ ನೋಡುವ ಸಡಗರದಲ್ಲಿ ನಾನು ಅದನ್ನು ಓದಿರಲಿಲ್ಲ. ನಾನು ಮಾದರಿ ಮಾಡಿದ್ದು ಚಳಿಗಾಲದಲ್ಲಿ. ಆಗ ಅದು ಇಷ್ಟು ಕೆಟ್ಟಿರಲಿಕ್ಕಿಲ್ಲ ನಿಜ. ಆದರೆ ನಮ್ಮ ಊರಿನ ಚಳಿ ಅದಕ್ಕೆ ಸಾಲುವಂಥದ್ದಲ್ಲ, ನಾತದ ಎಳೆ ಇದ್ದೇ ಇರುತ್ತದೆ. ಎಮ್ಮೆ ಹಗ್ಗ ಕಿತ್ತುಕೊಂಡು ಹೋಗುತ್ತದೆ ಎಂದ ನಾಲಿಗೆಗೆ ಅದು ತಪ್ಪುವುದು ಸಾಧ್ಯವಿರಲಿಲ್ಲ.

ಸಾಕಮ್ಮನ ಬಾಟಲಿಯನ್ನೇ ಹಿಡಿದು ತುಂಗಕ್ಕನ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಬಂದೆ ಕೂತಿರು ಎಂದರು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಪಕ್ಕದಲ್ಲಿ ಕೂತೆ. ಕಾಲಿಗೆ ಏನೋ ತಾಗಿ ಟಣ್ ಎಂದಿತು. ಮೇಜಿನ ಕೆಳಗೆ ಇಳಿಬಿಟ್ಟಿದ್ದ ಹೊದಿಕೆ ಎತ್ತಿ ನೋಡಿದೆ. ನನ್ನ ಬಾಟಲಿಗಳು. ಒತ್ತೊತ್ತಾಗಿ ನಾಲ್ಕು ಸಾಲು. ಮಾದರಿ ಕಿಟ್ಟಿನಲ್ಲಿ ಮಾಡಿ ಆಮೇಲೆ ತಂದುಕೊಟ್ಟವು ಮಾತ್ರವಲ್ಲ, ಅದಕ್ಕೂ ಹಿಂದಿನವು, ಶ್ರಾವಣದವು, ಭಾದ್ರಪದದವು, ಎಲ್ಲದರ ಮೇಲೂ ನನ್ನ ಕೈಯ ಚೀಟಿ. ಮುಚ್ಚಳ ತೆಗೆದಿರಲಿಲ್ಲ.

ತುಂಗಕ್ಕ ಒಳಗೆ ಬಂದವರು ನನ್ನ ಕೈಯಲ್ಲಿದ್ದ ಹೊದಿಕೆ ನೋಡಿದರು. ಸ್ಟೂಲಿನ ಮೇಲೆ ಕೂತರು. ನಾನು ಸಾಕಮ್ಮನ ಬಾಟಲಿಯಿಂದ ಒಂದು ಲೋಟ ಬಗ್ಗಿಸಿ ಕೊಟ್ಟೆ. ನಾತ ಕೋಣೆ ತುಂಬ ಹಬ್ಬಿತು. ಅವರು ಲೋಟ ತೆಗೆದುಕೊಂಡು ಅರ್ಧ ಕುಡಿದು, ನನ್ನ ಮುಖ ನೋಡಿದರು. ನಾನು ಮುಖವನ್ನು ಕಲ್ಲು ಮಾಡಿಕೊಂಡು ಕೂತಿದ್ದೆ. ಅವರು ಲೋಟವನ್ನು ಮೇಜಿನ ಮೇಲಿಟ್ಟರು.

"ಜ್ವರ ಬಿಟ್ಟ ದಿನದಿಂದ ಹಿಂಗೇ ಕಣೆ" ಅಂದರು ಕೊನೆಗೆ. "ಉಪ್ಪೂ ಇಲ್ಲ, ಖಾರಾನೂ ಇಲ್ಲ. ಮೂಗೂ ಹೋಯ್ತು. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದೆ."

"ಹತ್ತು ತಿಂಗಳಾಯ್ತಲ್ಲ ಅಕ್ಕ. ಒಂದು ಮಾತು ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ನಿಂಗೆ ಬೇರೆ ಬಾಯಿಮನೆ ಗೊತ್ತು ಮಾಡ್ತಾರೆ. ಸತ್ತ ನಾಲಿಗೆಗೆ ಯಾರು ಬಾಟ್ಲಿ ತಂದು ಕೊಡ್ತಾರೆ?"

ಹಾಗಾದರೆ ಆ ನಾಲ್ಕನೆಯದನ್ನು ಹೇಗೆ ಆರಿಸಿದಿರಿ ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಗಿತ್ತು. ಮುನ್ನೂರು ಮನೆಯ ಒಂದು ವರ್ಷವನ್ನು ಕಣ್ಣುಮುಚ್ಚಿ ಬೆರಳಿಟ್ಟು ಆರಿಸಿದಿರಾ ಎಂದೂ ಕೇಳಿದೆ.

"ಕಣ್ಣು ಮುಚ್ಚಿರಲಿಲ್ಲ" ಅಂದರು ತುಂಗಕ್ಕ. "ನಿನ್ನೇ ನೋಡ್ತಿದ್ದೆ. ಬೇರೆ ಆರೂ ಬಾಟ್ಲೀನ ಒಂದು ಕೈಲಿ ಎತ್ತಿ ಇಟ್ಟೆ. ಆ ನಾಲ್ಕನೇದನ್ನ ಎರಡು ಕೈಲಿ ಹಿಡ್ಕೊಂಡು ಇಟ್ಟೆ. ಅದನ್ನ ಹೆಂಗೆ ಮಾಡಿದೆ ಅಂತ ಕೇಳಿದ್ರೆ ಮಾತು ನಿಲ್ಲಿಸಲೇ ಇಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದು ಕೆಟ್ಟದ್ದು ಇರಕ್ಕಿಲ್ಲ ಅಂದ್ಕೊಂಡೆ."

ನಾನು ಎದ್ದು ಬಂದುಬಿಟ್ಟೆ. ಬೈಯಬೇಕೆಂದು ಹೋದವಳಿಗೆ ಬೈಗುಳ ಸಿಕ್ಕಲಿಲ್ಲ. ದಾರಿಯುದ್ದಕ್ಕೂ ಅವರ ಮೇಲಿನ ಸಿಟ್ಟು ಯಾವುದು, ನನ್ನ ಮೇಲಿನದು ಯಾವುದು ಎಂದು ಬಿಡಿಸಲಾಗಲಿಲ್ಲ. ಅವರು ನಾಲ್ಕನೆಯದು ಎನ್ನಲಿ ಎಂದು ನಾನು ಬಯಸಿದ್ದು ನಿಜ. ಬೇರೆ ನಂಬರು ಹೇಳಿದ್ದರೆ, ಇನ್ನೊಂದು ಸಲ ಕುಡಿದು ನೋಡಿ ಅಕ್ಕ ಎನ್ನುತ್ತಿದ್ದೆನೇನೋ.

ಮರುದಿನ ಯಜಮಾನ ಗುರುಶಾಂತಪ್ಪನವರು ಚಾವಡಿಗೆ ಕರೆಸಿದರು. ಅವರು ಎಂದೂ ದನಿ ಏರಿಸಿದವರಲ್ಲ. ಹೀಗೇಕಾಯಿತು ಎಂದು ತಿಳಿದರೆ ಮುಂದಿನ ಸಲ ಆಗದ ಹಾಗೆ ನೋಡಿಕೊಳ್ಳಬಹುದು, ಅಷ್ಟಕ್ಕೇ ಕೇಳುತ್ತಿದ್ದೇನೆ ಅಂದರು. ಚಾವಡಿ ತುಂಬಿತ್ತು. ತುಂಗಕ್ಕ ಹೆಂಗಸರ ಕಡೆ ಕಂಬಕ್ಕೆ ಒರಗಿ ನಿಂತಿದ್ದರು. ಮನೆ ಬಿಡುವಾಗ ನಾನು ನಿಜ ಹೇಳುವುದೆಂದೇ ಹೊರಟಿದ್ದೆ. ಅಲ್ಲಿ ಎದ್ದು ನಿಂತ ಮೇಲೆ ಬೇರೆ ಮಾತು ಬಂತು. ಬಾಟಲಿಗೆ ಚೀಟಿ ಅಂಟಿಸುವಾಗ ಅದಲುಬದಲಾಯಿತು, ತುಂಗಕ್ಕ ಆರಿಸಿದ್ದು ಆರನೆಯದನ್ನು, ನಾನು ಬರೆದು ಕಳಿಸಿದ್ದು ನಾಲ್ಕು ಎಂದೆ. ಹಾಲೇಶ ತಲೆಯೆತ್ತಿ ನನ್ನನ್ನು ನೋಡಿದ. ಚೀಟಿ ಅಂಟಿಸುವಾಗ ಅವನು ನನ್ನ ಪಕ್ಕದಲ್ಲೇ ಇದ್ದವನು. ಅವನು ಬಾಯಿ ಬಿಡಲಿಲ್ಲ. ತುಂಗಕ್ಕನೂ ಬಿಡಲಿಲ್ಲ.

ಒಂಬತ್ತು ವರ್ಷದಲ್ಲಿ ಒಂದು ತಪ್ಪು ಎಂದು ಯಜಮಾನರು ಹೇಳಿ, ಆರಿಸುವ ಕೆಲಸವನ್ನು ಒಂದು ವರ್ಷದ ಮಟ್ಟಿಗೆ ನನ್ನಿಂದ ಬಿಡಿಸಿದರು. ಜನ ಎದ್ದು ಹೋದರು. ಅಂಥ ಸುಳ್ಳನ್ನು ನಾನಾಗಿಯೇ ಹೇಳಿದ್ದು, ಯಾರೂ ಹೇಳಿಸಿರಲಿಲ್ಲ. ಆದರೂ ತುಂಗಕ್ಕ ಅದನ್ನು ಅಷ್ಟು ಸುಲಭವಾಗಿ ತೆಗೆದುಕೊಂಡು ಮನೆಗೆ ಹೋದದ್ದು ನನಗೆ ಹಿಡಿಸಲಿಲ್ಲ. ಮೂರು ದಿನ ನಾನು ಅವರ ಮನೆ ಕಡೆ ಹೋಗಲಿಲ್ಲ.

ಆ ಮೂರು ದಿನ ನನ್ನ ತಲೆಯಲ್ಲಿದ್ದದ್ದು ಕಿಟ್ಟುಗಳು. ಸಾಕಮ್ಮನ ಲೋಟದಲ್ಲಿ ನಾತದ ಹಿಂದೆ ಬೇರೇನೋ ಇತ್ತು. ಪಾಕ ಒಳ್ಳೆಯದು, ಹಾಪ್ಸ್ ಒಳ್ಳೆಯದು. ಕೆಟ್ಟದ್ದು ಯೀಸ್ಟ್ ಒಂದೇ. ಅದನ್ನು ಬಿಸಾಡಿ ಬೇರೆ ಹಾಕಿದರೆ? ಬೇರೆ ಎಲ್ಲಿಂದ ತರುವುದು, ಇನ್ನೊಂದು ಲಾರಿಗೆ ಒಂದು ವರ್ಷ. ಬಾಟಲಿಯ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದಲ್ಲ, ಅದು ಯೀಸ್ಟೇ. ಹೋದ ವರ್ಷದ ಕಿಟ್ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಹೊಸ ಲಾರಿ ಬರುವ ಹೊತ್ತಿಗೆ ಊರಿನಲ್ಲಿ ಯಾರೂ ಹಳೆಯ ಬಾಟಲಿ ಉಳಿಸಿರುವುದಿಲ್ಲ. ಉಳಿದಿದ್ದದ್ದು ಒಂದೇ ಕಡೆ.

ನಾಲ್ಕನೇ ದಿನ ತುಂಗಕ್ಕನ ಬಾಗಿಲು ತಟ್ಟಿ, ಮೇಜಿನ ಕೆಳಗಿನ ಹಳೆಯ ಬಾಟಲಿಗಳು ಬೇಕು ಅಂದೆ.  ಮಂಡಿಯೂರಿ ಒಂದೊಂದಾಗಿ ತೆಗೆದು ಕೊಟ್ಟರು, ಗಸಿ ಕಲಕದ ಹಾಗೆ. ಮಾದರಿ ಕಿಟ್ಟಿಗಿಂತ ಹಳೆಯವು ಹದಿನೆಂಟಿದ್ದವು. ಅವರ ಅಡುಗೆಮನೆಯಲ್ಲೇ ತಿಳಿ ಬಗ್ಗಿಸಿ, ಗಸಿಯನ್ನೆಲ್ಲ ಒಂದು ಪಾತ್ರೆಗೆ ಕೂಡಿಸಿ, ತೆಳ್ಳಗೆ ಕುದಿಸಿ ಆರಿಸಿದ ಪಾಕ ಹಾಕಿ ಬಟ್ಟೆ ಕಟ್ಟಿದೆವು. ಆ ಬಟ್ಟೆ ತುಂಗಕ್ಕ ಹೊಲಿದು ಉಳಿದ ತೆಳ್ಳನೆಯ ಮಲ್ಲಿನ ತುಂಡು. ಎರಡನೇ ದಿನ ಪಾತ್ರೆಯ ಮೇಲೆ ಗುಳ್ಳೆ ಕಾಣಿಸಿತು. ಮೂರನೇ ದಿನ ನೊರೆ ಉಕ್ಕಿ ಬಟ್ಟೆ ನೆನೆಯಿತು.

ಆಮೇಲಿನದು ಮೊಸರಿಗೆ ಹೆಪ್ಪು ಹಾಕಿದಷ್ಟೇ ಸಲೀಸು. ಮೊದಲ ಲೋಟ, ಅಂಗಡಿಯಲ್ಲಿ ಉಳಿದಿದ್ದ ಕಿಟ್ಟಿನಿಂದ ಸಾಕಮ್ಮ ಹೊಸದಾಗಿ ಕುದಿಸಿದ ಬಕೆಟ್ಟಿಗೆ ಹೋಯಿತು. ಅವಳ ಬಕೆಟ್ಟಿನ ತಳದ ಗಸಿ ನಾಲ್ಕು ಮನೆಗೆ, ಆ ನಾಲ್ಕರದು ಹದಿನಾರಕ್ಕೆ. ಪಾಕದ ಡಬ್ಬ ಇನ್ನೂ ಒಡೆಯದೆ ಇಟ್ಟಿದ್ದವರ ಮನೆಗೆಲ್ಲ ನಾವಿಬ್ಬರೂ ತಂಬಿಗೆ ಹಿಡಿದು ನಡೆದೆವು. ನಾನು ಯೀಸ್ಟ್ ಹಾಕಿದರೆ ತುಂಗಕ್ಕ ಬಕೆಟ್ಟಿಗೆ ಒದ್ದೆ ಗೋಣಿ ಸುತ್ತುತ್ತಿದ್ದರು, ರವಿಕೆಗೆ ಅಳತೆ ಹಿಡಿದಷ್ಟೇ ಜೋಕೆಯಿಂದ. ನಮ್ಮ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಎಲ್ಲವೂ ಸರಿಹೋಗಲಿಲ್ಲ. ಅರವತ್ತು ಮನೆಯವರು ಅಷ್ಟರಲ್ಲಿ ಕಿಟ್ಟಿನ ಯೀಸ್ಟಿನಲ್ಲೇ ಮಾಡಿ ಮುಗಿಸಿದ್ದರು. ಅವರ ಬಿಯರ್ ಚರಂಡಿಗೆ ಹೋಯಿತು. ಅವರ ಬಾಯಿಮನೆಗಳಿಗೆ ಆ ವರ್ಷವೆಲ್ಲ ಮಜ್ಜಿಗೆಯೇ ಗತಿ. ಉಳಿದವರಿಗೆ ಬಂದದ್ದು ಒಳ್ಳೆಯ ಬಿಯರ್, ಹೋದ ವರ್ಷಕ್ಕಿಂತ ಒಳ್ಳೆಯದು ಎಂದವರೂ ಇದ್ದರು.

ಯಜಮಾನರು ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಹೊಸ ಅಂಗಿಗೆ ಅಳತೆ ಕೊಡಲು ತುಂಗಕ್ಕನ ಮನೆಗೆ ಹೋಗಿದ್ದರಂತೆ. ಟೇಪನ್ನು ಅವರ ಕುತ್ತಿಗೆಗೆ ಸುತ್ತಿ, ಹದಿನಾರೂವರೆ ಎಂದು ಹೇಳಿ, ಅದೇ ಉಸಿರಿನಲ್ಲಿ ತುಂಗಕ್ಕ ಎಲ್ಲ ಹೇಳಿದರಂತೆ. ಜ್ವರ, ನಾಲಿಗೆ, ಮೇಜಿನ ಕೆಳಗಿನ ಬಾಟಲಿ, ನಾನು ಚಾವಡಿಯಲ್ಲಿ ಹೇಳಿದ ಸುಳ್ಳು. ಕುತ್ತಿಗೆಗೆ ಟೇಪು ಇದ್ದದ್ದರಿಂದ ನಾನು ಅಲುಗಾಡದೆ ಪೂರ್ತಿ ಕೇಳಬೇಕಾಯಿತು ಎಂದು ಯಜಮಾನರು ಹೇಳಿ ಸ್ವಲ್ಪ ನಕ್ಕರು. ಆಮೇಲೆ ಬಂದ ಕೆಲಸಕ್ಕೆ ಬಂದರು. ನಾಲಿಗೆ ಹೋದ ಮನೆ ಬಾಯಿಮನೆಯಾಗಿರಲು ಬರುವುದಿಲ್ಲ, ಇದು ಅವರು ಮಾಡಿದ ಕಟ್ಟಲ್ಲ, ಹಿಂದಿನಿಂದ ಬಂದದ್ದು. ನನಗೆ ಸಾಕಮ್ಮನ ಮನೆಯನ್ನು ಗೊತ್ತುಮಾಡಬಹುದು. ಅವಳ ಬಾಯಿಮನೆಯವರು ಮಗಳ ಊರಿಗೆ ಹೋಗುವವರಿದ್ದಾರೆ. ಹಾಗಾದರೆ ಬರುವ ವರ್ಷ ಆರಿಸುವ ಕೆಲಸವೂ ನನಗೇ ವಾಪಸು.

ಅವರು ಕೊಟ್ಟದ್ದು ಸಣ್ಣದಾಗಿರಲಿಲ್ಲ. ಸಾಕಮ್ಮನ ನಾಲಿಗೆ ಚುರುಕು, ಮನಸ್ಸು ಒಳ್ಳೆಯದು. ನಾನು ಅಂದು ಸಂಜೆಯವರೆಗೆ ಟೈಮು ಕೇಳಿದೆ. ಹಾಲೇಶನಿಗೆ ಹೇಳಿದರೆ ಅವನು, ನಿನ್ನ ಕೈಯ ಬಿಯರ್ ಹೇಗಿದೆ ಎಂದು ಇನ್ನು ಯಾವತ್ತೂ ಗೊತ್ತಾಗದೆ ಇದ್ದರೆ ನಡೆಯುತ್ತದಾ, ಅದೊಂದನ್ನು ಯೋಚಿಸು ಅಂದ. ಅದನ್ನೇ ಯೋಚಿಸಿದೆ. ಹತ್ತು ತಿಂಗಳಿಂದ ನಡೆದಿತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ. ಸಂಜೆ ಚಾವಡಿಗೆ ಹೋಗಿ, ನನ್ನ ಬಾಯಿಮನೆ ತುಂಗಕ್ಕನದೇ ಇರಲಿ, ಆರಿಸುವ ಕೆಲಸ ಸಾಕಮ್ಮನಿಗೆ ಕೊಡಿ, ನಾನು ಕಡೆಗಣಿಸಿದ ಆ ಸಾದಾ ಆರನೇ ಕಿಟ್ಟಿನಿಂದ ಶುರುಮಾಡಲಿ ಎಂದೆ. ಯಜಮಾನರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಕಟ್ಟು ಮೀರಿದವರಿಗೆ ಏನು ಶಿಕ್ಷೆ ಎಂದು ಹಿಂದಿನವರು ಹೇಳಿಲ್ಲ, ಆದ್ದರಿಂದ ನನಗೂ ಹೇಳಲು ಬರುವುದಿಲ್ಲ ಎಂದು ಎದ್ದುಹೋದರು.

ಅಂಗಡಿ ನಡೆಯುತ್ತಿದೆ. ಒಳ್ಳೆಯ ಕಿಟ್ ಯಾವುದು ಎಂದು ಕೇಳಿದವರಿಗೆ, ಸಾಕಮ್ಮ ಹೀಗೆ ಹೇಳಿದ್ದಾಳೆ ಎನ್ನುತ್ತೇನೆ. ಮೊದಮೊದಲು ಹಾಗೆನ್ನಲು ನಾಲಿಗೆ ತೊಡರುತ್ತಿತ್ತು. ಯೀಸ್ಟಿನ ತಾರೀಖನ್ನು, ಪುಸ್ತಿಕೆಯ ಕೊನೆಯ ಸಾಲನ್ನು ಮಾತ್ರ ನಾನೇ ಬೆರಳಿಟ್ಟು ಓದಿಸುತ್ತೇನೆ.

ಯಜಮಾನರ ಹತ್ತಿರ ಮಾತಾಡಿ ಬಂದ ಮರುದಿನ ಮಧ್ಯಾಹ್ನ, ಹೊಸ ಬಿಯರಿನ ಮೊದಲ ಬಾಟಲಿ ತೆಗೆದುಕೊಂಡು ತುಂಗಕ್ಕನ ಮನೆಗೆ ಹೋದೆ. ಅವರಿಗೆ ಎಲ್ಲ ಗೊತ್ತಾಗಿತ್ತು. ಊರು ಚಿಕ್ಕದು.  ಯಂತ್ರದ ಮೇಲೆ ಬಟ್ಟೆ ಹೊದಿಸಿ, ಎರಡು ಲೋಟ ತಂದಿಟ್ಟರು. ಬಗ್ಗಿಸಿ ಕೊಟ್ಟೆ. ಹೇಗಿದೆ ಅಕ್ಕ ಎಂದು ಕೇಳಿದೆ. ಕೇಳದೆ ಹೇಗಿರುವುದು, ಇಷ್ಟು ವರ್ಷದ ಅಭ್ಯಾಸ.

ತುಂಗಕ್ಕ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವರು ನುಂಗಿ, ತುಟಿ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು.

"ಗೊತ್ತಾಗ್ತಿಲ್ಲ ಕಣೆ. ತಣ್ಣಗಿದೆ. ನಾಲಿಗೆ ತುದೀಲಿ ಜುಮ್ ಅಂತಿದೆ. ಅಷ್ಟೇ."

ನಾನು ಅವರ ಲೋಟ ತುಂಬಿಸಿದೆ.